ನಡುವಯಸ್ಸಿನ ಗಂಡಸರನ್ನು ಹುರಿದುಂಬಿಸುವ ಹಾಡುಗಳ ನಿಯಂತ್ರಣ ಕುರಿತು

ಕುರೊನಾಮಿ ಪಟ್ಟಣ ಕಚೇರಿ
ಸಿಬ್ಬಂದಿ ಶಾಖೆ (ಮೂರನೇ ಮಹಡಿ, ಡಬ್ಬಿ ಕಾಫಿ ಯಂತ್ರದ ಎದುರು)

ಸಂಖ್ಯೆ: ಸಿಶಾ/ಹಾಡು/ನಗು/೧
ದಿನಾಂಕ: ಜನವರಿ ೮

ಸುತ್ತೋಲೆ

ವಿಷಯ: ನಡುವಯಸ್ಸಿನ ಗಂಡು ಸಿಬ್ಬಂದಿಯನ್ನು ಪೂರ್ವಾನುಮತಿ ಇಲ್ಲದೆ ಹಾಡಿನ ಮೂಲಕ ನಗಿಸುವುದನ್ನು ತಡೆಗಟ್ಟುವ ಬಗ್ಗೆ.

ಉಲ್ಲೇಖ:
೧. ವರ್ಷಾಂತ್ಯದ ಔತಣಕೂಟದಲ್ಲಿ ಸಿಬ್ಬಂದಿ ಕಡ್ಡಾಯವಾಗಿ ಸಂತೋಷವಾಗಿರತಕ್ಕದ್ದು ಎಂಬ ಈ ಶಾಖೆಯ ಡಿಸೆಂಬರ್ ಸುತ್ತೋಲೆ.
೨. ಸದರಿ ಕೂಟದಲ್ಲಿ ಸಿಬ್ಬಂದಿ ನಿಜವಾಗಿಯೂ ಸಂತೋಷವಾಗಿದ್ದರು ಎಂಬ ದೂರು.
೩. ದೂರು ಕೊಟ್ಟವರು ಈ ಶಾಖೆಯ ಮುಖ್ಯಸ್ಥರೇ ಆಗಿರುವುದರಿಂದ ವಿಚಾರಣೆಯನ್ನು ಅವರೇ ನಡೆಸಿ ದೂರು ನಿಜವೆಂದು ಕಂಡುಕೊಂಡ ಟಿಪ್ಪಣಿ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಎಲ್ಲರ ಗಮನಕ್ಕೆ ತರುವುದೇನೆಂದರೆ, ಈ ಕಚೇರಿಯಲ್ಲಿ ನಡುವಯಸ್ಸಿನ ಗಂಡಸರು ಅಗತ್ಯಕ್ಕಿಂತ ಹೆಚ್ಚಾಗಿದ್ದು, ಇದುವರೆಗೆ ಅವರು ಯಾರಿಗೂ ತೊಂದರೆ ಕೊಡದೆ ಮಂಕಾಗಿಯೇ ಇದ್ದರು. ಮಂಕಾದ ಸಿಬ್ಬಂದಿಯನ್ನು ನಿರ್ವಹಿಸುವುದು ಸುಲಭ. ಅವರು ರಜೆ ಕೇಳುವುದಿಲ್ಲ, ಪ್ರಶ್ನೆ ಕೇಳುವುದಿಲ್ಲ, ಚಳಿಗಾಲದಲ್ಲಿ ಹೀಟರ್ ಜಾಸ್ತಿ ಮಾಡಿ ಎನ್ನುವುದಿಲ್ಲ. ಹೋಗಿ ಎಂದರೆ ಹೋಗುತ್ತಾರೆ. ಹೋಗಿ ಎಂದು ಬಾಯಿಬಿಟ್ಟು ಹೇಳದಿದ್ದರೂ ಹೋಗುತ್ತಾರೆ. ಇಂಥ ಸುವ್ಯವಸ್ಥೆಗೆ ಡಿಸೆಂಬರ್ ಕೊನೆಯ ವಾರದಿಂದ ಒಂದು ಹಾಡಿನ ದೆಸೆಯಿಂದ ಧಕ್ಕೆ ಬಂದಿರುವುದು ಶಾಖೆಯ ಗಮನಕ್ಕೆ ಬಂದಿದೆ. ಆದ ಕಾರಣ ಈ ಕೆಳಗಿನಂತೆ ಸೂಚಿಸಲಾಗಿದೆ.

೧. ಪರಿಭಾಷೆ

(ಅ) ‘ನಡುವಯಸ್ಸಿನ ಗಂಡಸು’ ಎಂದರೆ, ಸೊಂಟಪಟ್ಟಿಯನ್ನು ಹೊಟ್ಟೆಯ ಮೇಲೆ ಕಟ್ಟಬೇಕೋ ಕೆಳಗೆ ಕಟ್ಟಬೇಕೋ ಎಂಬ ಬಗ್ಗೆ ಇನ್ನೂ ತೀರ್ಮಾನಕ್ಕೆ ಬಾರದ ಸಿಬ್ಬಂದಿ.

(ಆ) ‘ಹುರಿದುಂಬಿಸುವುದು’ ಎಂದರೆ, ಸದರಿ ಸಿಬ್ಬಂದಿಯ ಮುಖದಲ್ಲಿ ಅರ್ಜಿಯಿಲ್ಲದೆ ಉಂಟಾಗುವ ಬದಲಾವಣೆ.

(ಇ) ‘ತಮಾಷೆ ಹಾಡು’ ಎಂದರೆ, ಶಾಖಾ ಮುಖ್ಯಸ್ಥರಿಗೆ ನಗು ಬಾರದ, ಉಳಿದೆಲ್ಲರಿಗೂ ಬರುವ ಯಾವುದೇ ಹಾಡು.

೨. ಹಿನ್ನೆಲೆ

ನೀರು ಸರಬರಾಜು ವಿಭಾಗವನ್ನು ಪಕ್ಕದ ಪಟ್ಟಣದ ಜೊತೆ ವಿಲೀನಗೊಳಿಸಿದ ಪ್ರಯುಕ್ತ, ಆ ವಿಭಾಗದ ಶ್ರೀ ಕುಬೊಜುಕಾ (ವಯಸ್ಸು ೫೨) ಅವರಿಗೆ ಕಳೆದ ಏಪ್ರಿಲ್‌ನಲ್ಲಿ ಕಿಟಕಿ ಪಕ್ಕದ ಮೇಜನ್ನು ದಯಪಾಲಿಸಲಾಯಿತು. ಮೇಜಿನೊಂದಿಗೆ ಒಂದು ದೂರವಾಣಿ (ಸಂಪರ್ಕ ಇಲ್ಲ), ಒಂದು ಹೂಕುಂಡ (ಗಿಡ ಇಲ್ಲ) ಮತ್ತು ಒಂದು ಹುದ್ದೆ (ಕೆಲಸ ಇಲ್ಲ) ಇವುಗಳನ್ನೂ ಒದಗಿಸಲಾಯಿತು. ಶ್ರೀ ಕುಬೊಜುಕಾ ಅವರು ಬೆಳಿಗ್ಗೆ ಬಂದು ತಲೆ ಬಾಗಿಸುವುದು, ಸಂಜೆ ಹೊರಡುವಾಗ ತಲೆ ಬಾಗಿಸುವುದು, ನಡುವಿನ ವೇಳೆಯಲ್ಲಿ ಬೆಟ್ಟ ನೋಡುವುದು, ಇಷ್ಟನ್ನು ಶಿಸ್ತಿನಿಂದ ನಿರ್ವಹಿಸುತ್ತಿದ್ದರು. ಮಾತನಾಡುವುದನ್ನು ಮಳೆಗಾಲಕ್ಕೆ ಮುಂಚೆಯೇ ನಿಲ್ಲಿಸಿದ್ದರು.

ತರುವಾಯ ಶಾಖಾ ಮುಖ್ಯಸ್ಥರಾದ ಶ್ರೀ ಶಿಬುತಾನಿ ಅವರು ರೂಢಿಯಂತೆ ಮೆಟ್ಟಿಲ ಬಳಿ ಅವರ ಭುಜವನ್ನು ಮೆತ್ತಗೆ ತಟ್ಟಿದರು. ಇಂಥ ತಟ್ಟುವಿಕೆಯ ಅರ್ಥವನ್ನು ಈ ದೇಶದಲ್ಲಿ ಕಚೇರಿಗೆ ಹೋಗುವ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ: ನಿವೃತ್ತಿ ಪತ್ರವನ್ನು ತಾವಾಗಿಯೇ ಕೊಟ್ಟು ಹೋಗುವುದು, ಕೇಳಿ ಪಡೆದರೆಂದು ಯಾರಿಗೂ ಹೇಳದಿರುವುದು. ಶ್ರೀ ಕುಬೊಜುಕಾ ಅವರು ತಲೆ ಬಾಗಿಸಿದರೇ ಹೊರತು ಪತ್ರ ಕೊಡಲಿಲ್ಲ. ಆದ್ದರಿಂದ ಶಾಖೆಯು ಅವರಿಗೆ ‘ಸೇವೆಯಲ್ಲಿ ಮುಂದುವರಿಯುವ ಉದ್ದೇಶವಿದೆಯೇ?’ ಎಂದು ಲಿಖಿತವಾಗಿ ಕೇಳಿ, ವರ್ಷದ ಕೊನೆಯ ಕೆಲಸದ ದಿನದವರೆಗೂ ಅವರು ಬಾಯಿ ತೆರೆಯದಿದ್ದಲ್ಲಿ ಮೌನವನ್ನೇ ನಿವೃತ್ತಿಗೆ ಒಪ್ಪಿಗೆಯಾಗಿ ಪರಿಗಣಿಸಲಾಗುವುದೆಂದು ತಿಳಿಸಿತು. ಅವರ ಮೌನದ ಮೇಲೆ ಶಾಖೆಗೆ ಪೂರ್ಣ ವಿಶ್ವಾಸವಿತ್ತು. ಮಾರ್ಚ್ ಕೊನೆಯ ಬೀಳ್ಕೊಡುಗೆಯಲ್ಲಿ ಕೊಡಬೇಕಾದ ಹೂಗುಚ್ಛದ ಬಣ್ಣವನ್ನು ಸಹ ತೀರ್ಮಾನಿಸಲಾಗಿತ್ತು.

೩. ಘಟನೆ

ವರ್ಷದ ಕೊನೆಯ ಕೆಲಸದ ದಿನದ ಹಿಂದಿನ ಸಂಜೆ, ನಿಲ್ದಾಣದ ಎದುರಿನ ಹಾವುಮೀನು ಅಂಗಡಿಯ ಮಹಡಿಯಲ್ಲಿ ಪಟ್ಟಣಾಧ್ಯಕ್ಷರ ಸಮ್ಮುಖದಲ್ಲಿ ಕಚೇರಿಯ ಔತಣಕೂಟ ನಡೆದಿರುತ್ತದೆ. ಕಸ ವಿಲೇವಾರಿ ವಿಭಾಗದ ಶ್ರೀ ಇಸೊಗಾಯ್ (ವಯಸ್ಸು ೪೯) ಎಂಬುವರು ಕತ್ತಿನ ಟೈಯನ್ನು ಹಣೆಗೆ ಕಟ್ಟಿಕೊಂಡು, ಖಾಲಿ ಬಿಯರ್ ಬಾಟಲಿಯನ್ನು ಮೈಕಿನಂತೆ ಹಿಡಿದು, ಸ್ವಂತವಾಗಿ ಕಟ್ಟಿದ ಹಾಡೊಂದನ್ನು ಹಾಡಿರುತ್ತಾರೆ. ‘ನಮ್ಮ ವಯಸ್ಸಿನವರಿಗೆ ಪ್ರೀತಿ ಪ್ರೇಮದ ಹಾಡು ಹಾಡಿದ್ರೆ ಹೆಂಡ್ತೀರು ನಗ್ತಾರೆ. ಮೊಣಕಾಲಿನ ಹಾಡು ಹಾಡಿದ್ರೆ ನಾವಾದ್ರೂ ನಗ್ಬಹುದು’ ಎಂದು ಅವರು ಪೀಠಿಕೆ ಹಾಕಿದ್ದಾಗಿ ತಿಳಿದುಬಂದಿದೆ. ಹಾಡಿನ ಪಾಠವನ್ನು ಮುಂದೆ ಯಾರೂ ಹಾಡಬಾರದೆಂಬ ಉದ್ದೇಶದಿಂದ ಇಲ್ಲಿ ಪೂರ್ತಿಯಾಗಿ ಕೊಡಲಾಗಿದೆ:

ಎದ್ದರೆ ಮೊಣಕಾಲು ಲಟಕ್ ಅನ್ನುತ್ತೆ,
ಕೂತರೆ ಕುರ್ಚಿ ಅಯ್ಯೋ ಅನ್ನುತ್ತೆ,
ಕನ್ನಡಕ ಹುಡುಕೋಕೆ ಕನ್ನಡಕ ಬೇಕು,
ಮಗಳ ಬಟ್ಟೆ ಜೊತೆ ನನ್ನ ಕಾಲುಚೀಲ ಒಗೀಬಾರದಂತೆ!
ಇದ್ದೀಯೇನಯ್ಯಾ? ಇದ್ದೀನ್ರಪ್ಪಾ!
ಹೊಟ್ಟೆ ಮೊದಲು ಬಂತು, ಹಿಂದೆಯೇ ನಾನೂ ಬಂದೆ!

‘ಇದ್ದೀಯೇನಯ್ಯಾ?’ ಎಂಬುದನ್ನು ಎಲ್ಲರೂ ಸೇರಿ ಕೇಳುವುದೂ, ಬಾಟಲಿ ಯಾರ ಮುಂದೆ ಬರುತ್ತದೋ ಅವರು ಒಬ್ಬರೇ ‘ಇದ್ದೀನ್ರಪ್ಪಾ’ ಎನ್ನುವುದೂ ಈ ಹಾಡಿನ ಕ್ರಮ. ಮೊದಲ ಸುತ್ತಿನಲ್ಲಿ ಬಾಟಲಿ ಶ್ರೀ ಇಸೊಗಾಯ್ ಅವರ ಕೈಯಲ್ಲೇ ಇತ್ತು. ಅಲ್ಲಿಗೆ ಹಾಡು ಮುಗಿಯಬೇಕಾಗಿತ್ತು. ಕಚೇರಿಯ ಹಿತದೃಷ್ಟಿಯಿಂದ ಮುಗಿದಿದ್ದರೆ ಒಳ್ಳೆಯದಿತ್ತು.

೪. ಮುಕ್ತಾಯದ ಚಪ್ಪಾಳೆಯ ವಿಚಾರ

ಯಾವುದೇ ಕೂಟದ ಕೊನೆಯಲ್ಲಿ ಹಿರಿಯ ಅಧಿಕಾರಿ ಎದ್ದು ನಿಂತು ಚಪ್ಪಾಳೆ ಹೊಡೆಸುವುದು, ಎಲ್ಲರೂ ಒಟ್ಟಿಗೆ ಹೊಡೆಯುವುದು, ಆಮೇಲೆಯೇ ಕೋಟು ಚಪ್ಪಲಿ ಹುಡುಕುವುದು ಸಂಪ್ರದಾಯ. ಆ ಚಪ್ಪಾಳೆ ಆಗದೆ ಯಾರೂ ಮನೆಗೆ ಹೋಗುವಂತಿಲ್ಲ. ಹಾಡು ಎರಡನೇ ಸುತ್ತಿಗೆ ಹೋಗುವ ಲಕ್ಷಣ ಕಂಡ ಕೂಡಲೇ ಶ್ರೀ ಶಿಬುತಾನಿ ಅವರು ಸಮಯಪ್ರಜ್ಞೆಯಿಂದ ಎದ್ದು, ಕೂಟವನ್ನು ಮುಗಿಸುವ ಏಕೈಕ ಉದ್ದೇಶದಿಂದ ಎರಡೂ ಕೈಯೆತ್ತಿ ಒಂದು ಚಪ್ಪಾಳೆ ಹೊಡೆದರು.

ಸದರಿ ಚಪ್ಪಾಳೆಯು ದುರದೃಷ್ಟವಶಾತ್ ತಾಳಕ್ಕೆ ಸರಿಯಾಗಿ ಬಿದ್ದಿತು.

ಇದನ್ನು ಸಿಬ್ಬಂದಿ ಮುಕ್ತಾಯವೆಂದು ತಿಳಿಯದೆ ಪ್ರೋತ್ಸಾಹವೆಂದು ತಿಳಿದರು. ‘ನೋಡ್ರಯ್ಯಾ, ಮುಖ್ಯಸ್ಥರೇ ತಾಳ ಹಾಕ್ತಿದ್ದಾರೆ. ಈಗ ನಿಲ್ಲಿಸಿದ್ರೆ ಅವರಿಗೆ ಅವಮಾನ ಮಾಡ್ದಂಗೆ’ ಎಂದು ಶ್ರೀ ಇಸೊಗಾಯ್ ಹೇಳಿದ್ದಕ್ಕೆ ಸಾಕ್ಷಿಗಳಿದ್ದಾರೆ. ಮುಖ್ಯಸ್ಥರು ಹಾಡನ್ನು ನಿಲ್ಲಿಸಲು ಇನ್ನೂ ಜೋರಾಗಿ ಹೊಡೆದರು. ಹಾಡು ಇನ್ನೂ ಜೋರಾಯಿತು. ಬೇಗ ಮುಗಿಸಲೆಂದು ಬೇಗಬೇಗ ಹೊಡೆದರು, ಹಾಡೂ ಓಡತೊಡಗಿತು. ಮೇಲಧಿಕಾರಿ ಚಪ್ಪಾಳೆ ಹೊಡೆಯುತ್ತಿರುವಾಗ ಕಿರಿಯರು ಹಾಡು ನಿಲ್ಲಿಸುವುದು ಅವಿಧೇಯತೆ; ಕಿರಿಯರು ಹಾಡುತ್ತಿರುವಾಗ ಮೇಲಧಿಕಾರಿ ಚಪ್ಪಾಳೆ ನಿಲ್ಲಿಸಿದರೆ ಕೋಪ ಬಂದಿದೆ ಎಂದು ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಈ ಕಾರಣದಿಂದ ಎರಡೂ ಕಡೆಯವರಿಗೆ ನಿಲ್ಲಿಸಲು ಸಾಧ್ಯವಾಗದೆ, ಬಾಟಲಿಯು ಕೈಯಿಂದ ಕೈಗೆ ಹೋಗುತ್ತಾ ಮಹಡಿಯನ್ನೆಲ್ಲ ಸುತ್ತಿತು. ಹಾವುಮೀನು ತಣ್ಣಗಾಯಿತು.

೫. ಶ್ರೀ ಕುಬೊಜುಕಾ ಅವರ ಉತ್ತರ

ಬಾಟಲಿಯು ಕೊನೆಗೆ, ಚಪ್ಪಲಿ ಗೂಡಿನ ಪಕ್ಕದ ಮೂಲೆಯಲ್ಲಿ ಕೂತಿದ್ದ ಶ್ರೀ ಕುಬೊಜುಕಾ ಅವರ ಮುಂದೆ ಬಂದಿತು. ಎಲ್ಲರೂ ‘ಇದ್ದೀಯೇನಯ್ಯಾ?’ ಎಂದು ಕೇಳಿ, ಯಾರನ್ನು ಕೇಳಿದ್ದೇವೆಂದು ಅರಿವಾಗಿ, ಸುಮ್ಮನಾದರು. ಆ ಹೊತ್ತಿನಲ್ಲಿ ಮಹಡಿಯಲ್ಲಿ ಕೇಳಿಸುತ್ತಿದ್ದದ್ದು ಮುಖ್ಯಸ್ಥರ ಚಪ್ಪಾಳೆ ಮಾತ್ರ. ಶ್ರೀ ಕುಬೊಜುಕಾ ಅವರು ಊಟದ ಕಡ್ಡಿಗಳನ್ನು ಕೆಳಗಿಟ್ಟರು. ಬಾಟಲಿಯನ್ನು ಎತ್ತಿಕೊಂಡರು.

‘ಇದ್ದೀನಿ’ ಎಂದರು.

ರಾಗದಲ್ಲಿ ಹೇಳಲಿಲ್ಲ. ನಿವಾಸಿಗಳ ನೋಂದಣಿ ಕಿಟಕಿಯ ಶ್ರೀಮತಿ ಹನ್ಯು (ವಯಸ್ಸು ೫೮) ಅವರು, ತಮಗೆ ಚೆನ್ನಾಗಿ ಕೇಳಿಸಿದ್ದರೂ, ‘ಏನಂದ್ರಿ? ಆ ಕಡೆ ಕಿವಿ ಮಂದ ನಂಗೆ. ಜೋರಾಗಿ ಹೇಳಿ’ ಎಂದು ಪ್ರಚೋದಿಸಿದರು. ಅದಕ್ಕೆ ಶ್ರೀ ಕುಬೊಜುಕಾ ಅವರು, ‘ಇದ್ದೀನಿ ಅಂದೆ, ಹನ್ಯು-ಸಾನ್’ ಎಂದು ಕೆಳಗಿನ ಅಡುಗೆಮನೆಗೂ ಕೇಳುವಂತೆ ಹೇಳಿ, ಹೊಟ್ಟೆಯ ಸಾಲನ್ನು ತಾವೊಬ್ಬರೇ ಹಾಡಿ ಪೂರೈಸಿದರು. ಇಡೀ ಕಚೇರಿಯಲ್ಲಿ ಹೊಟ್ಟೆಯೇ ಇಲ್ಲದವರು ಅವರೊಬ್ಬರೇ ಆಗಿದ್ದು ಈ ಸಾಲನ್ನು ಹಾಡುವ ಅರ್ಹತೆ ಅವರಿಗಿರಲಿಲ್ಲ ಎಂಬುದನ್ನು ಶಾಖೆ ದಾಖಲಿಸಬಯಸುತ್ತದೆ. ಅನಂತರ ಉಂಟಾದ ನಗುವಿನಲ್ಲಿ ಒಂದು ಕಾಗದದ ಬಾಗಿಲು ಹರಿದಿದೆ.

ಮಾರನೆಯ ಬೆಳಿಗ್ಗೆ, ಅಂದರೆ ಮೌನದ ಗಡುವು ಮುಗಿಯಬೇಕಿದ್ದ ದಿನ, ಶ್ರೀ ಶಿಬುತಾನಿ ಅವರು ಎಂದಿನ ಮೆಟ್ಟಿಲ ಬಳಿ ಕಾದಿದ್ದು ಶ್ರೀ ಕುಬೊಜುಕಾ ಅವರ ಭುಜವನ್ನು ಮತ್ತೊಮ್ಮೆ ತಟ್ಟಿದರು. ಸದರಿಯವರು ತಲೆ ಬಾಗಿಸುವ ಬದಲು ಬೆನ್ನು ತಿರುಗಿಸಿ ನಿಂತು, ‘ಸ್ವಲ್ಪ ಕೆಳಗೆ, ಮುಖ್ಯಸ್ಥರೇ. ಎಡಗಡೆ. ಹಾಂ, ಅಲ್ಲೇ’ ಎಂದರು. ಮುಖ್ಯಸ್ಥರು ಸಭ್ಯತೆಯ ಕಾರಣಕ್ಕೆ ಸ್ವಲ್ಪ ಹೊತ್ತು ತಟ್ಟಬೇಕಾಗಿ ಬಂದಿರುತ್ತದೆ.

ಮಳೆಗಾಲಕ್ಕೆ ಮುಂಚಿನಿಂದ ಇಲ್ಲದ ಬಾಯಿ ಈಗ ಹೇಗೆ ಬಂತೆಂದು ವಿಚಾರಣೆಯಲ್ಲಿ ಕೇಳಲಾಗಿ, ಅವರು ಕೊಟ್ಟ ಹೇಳಿಕೆಯನ್ನು ಯಥಾವತ್ತಾಗಿ ಕೆಳಗೆ ಕೊಡಲಾಗಿದೆ:

‘ನಿಮ್ಮ ಪತ್ರ ನನ್ನ ಉದ್ದೇಶ ಕೇಳ್ತು. ಇಸೊಗಾಯ್ ನನ್ನನ್ನ ಕೇಳ್ದ. ಇಷ್ಟು ದಿನದಲ್ಲಿ ಇದ್ದೀಯಾ ಅಂತ ಕೇಳಿದೋನು ಅವನೊಬ್ಬನೇ. ಕೇಳಿದ್ಮೇಲೆ ಉತ್ತರ ಕೊಡದೆ ಕೂತಿರೋದು ಮರ್ಯಾದೆ ಅಲ್ವಲ್ಲ.’

ಈ ಹೇಳಿಕೆಯಲ್ಲಿ ಆಡಳಿತಾತ್ಮಕವಾಗಿ ಪರಿಗಣಿಸಬಹುದಾದ ಅಂಶ ಯಾವುದೂ ಇಲ್ಲ. ಆದರೂ ಮೌನ ಮುರಿದಿದೆ. ಗಡುವಿನೊಳಗೆ ಮುರಿದಿದೆ. ಪಟ್ಟಣಾಧ್ಯಕ್ಷರ ಎದುರು ಮುರಿದಿದೆ. ಶಾಖಾ ಮುಖ್ಯಸ್ಥರೇ ತಾಳ ಹಾಕಿ ಮುರಿಸಿದ್ದಾರೆಂದು ಕಾಫಿ ಯಂತ್ರದ ಬಳಿ ಆಡಿಕೊಳ್ಳಲಾಗುತ್ತಿದೆ. ಇಂಥ ಸ್ಥಿತಿ ಮರುಕಳಿಸದಂತೆ ಮುಂದಿನ ನಿಯಮಗಳನ್ನು ತಕ್ಷಣದಿಂದ ಜಾರಿಗೆ ತರಲಾಗಿದೆ.

೬. ಯಾವುದೇ ಸಿಬ್ಬಂದಿ ತನ್ನ ನಡುವಯಸ್ಸಿನ ಸಹೋದ್ಯೋಗಿಯನ್ನು ಹಾಡಿನಿಂದ ನಗಿಸಬಯಸಿದಲ್ಲಿ ಮೂರು ಪ್ರತಿಗಳಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಅರ್ಜಿಯಲ್ಲಿ ನಿರೀಕ್ಷಿತ ನಗುವಿನ ದರ್ಜೆಯನ್ನು ನಮೂದಿಸತಕ್ಕದ್ದು: ಸೌಮ್ಯ (ಮೂಗಿನಿಂದ ಗಾಳಿ ಬರುವುದು), ಮಧ್ಯಮ (ಭುಜ ಕುಲುಕುವುದು), ತೀವ್ರ (ಚಾಪೆ ಬಡಿಯುವುದು). ತೀವ್ರ ದರ್ಜೆಯ ನಗುವಿಗೆ ಕಟ್ಟಡದ ಭೂಕಂಪ ನಿರೋಧಕ ಪ್ರಮಾಣಪತ್ರವನ್ನು ಲಗತ್ತಿಸುವುದು ಕಡ್ಡಾಯ. ನಗಬೇಕಾದ ವ್ಯಕ್ತಿಯ ದುಃಖಕ್ಕೆ ಈ ಶಾಖೆಯೇ ಕಾರಣವಾಗಿದ್ದಲ್ಲಿ ಅರ್ಜಿಯನ್ನು ಪರಿಶೀಲಿಸದೆ ತಿರಸ್ಕರಿಸಲಾಗುವುದು.

೭. ಅನುಮತಿ ಪಡೆದ ನಗುವನ್ನು ಹುದ್ದೆಯ ಹಿರಿತನದ ಪ್ರಕಾರ ನಗತಕ್ಕದ್ದು. ಮೊದಲು ಮುಖ್ಯಸ್ಥರು, ಅನಂತರ ಉಪಮುಖ್ಯಸ್ಥರು, ಹೀಗೆ. ಮುಖ್ಯಸ್ಥರು ನಗದಿದ್ದಲ್ಲಿ ಉಳಿದವರು ತಮ್ಮ ಸರದಿ ಬರುವವರೆಗೆ ಕಾಯತಕ್ಕದ್ದು. ಕಚೇರಿ ಕಾಗದಕ್ಕೆ ಹೆಸರಿನ ಮುದ್ರೆ ಒತ್ತುವಾಗ ಕಿರಿಯರು ತಮ್ಮ ಮುದ್ರೆಯನ್ನು ಮುಖ್ಯಸ್ಥರ ಮುದ್ರೆಗೆ ನಮಸ್ಕರಿಸುವಂತೆ ತುಸು ಆ ಕಡೆಗೆ ವಾಲಿಸಿ ಒತ್ತುವ ಪದ್ಧತಿ ಎಲ್ಲರಿಗೂ ತಿಳಿದಿದೆ. ನಗುವಾಗಲೂ ಅದೇ ಕೋನವನ್ನು ಪಾಲಿಸತಕ್ಕದ್ದು.

೮. ಸದರಿ ಹಾಡನ್ನು ಪೂರ್ತಿ ನಿಷೇಧಿಸಿದರೆ ಶಾಖೆಗೆ ಹಾಸ್ಯಪ್ರಜ್ಞೆ ಇಲ್ಲವೆಂಬ ತಪ್ಪು ತಿಳಿವಳಿಕೆ ಉಂಟಾಗಬಹುದಾದ್ದರಿಂದ, ಶಾಖೆಯೇ ಹಾಡನ್ನು ಪರಿಷ್ಕರಿಸಿದೆ. ಇನ್ನು ಮುಂದೆ ಇದೇ ಅಧಿಕೃತ ಪಾಠ:

ಏಳುವಾಗ ಮೊಣಕಾಲು ತೃಪ್ತಿಕರವಾಗಿರುತ್ತದೆ
(ವಾರ್ಷಿಕ ಆರೋಗ್ಯ ತಪಾಸಣೆಯ ಪ್ರಕಾರ),
ಕುರ್ಚಿಯ ಬಗ್ಗೆ ಯಾವುದೇ ದೂರು ಇರುವುದಿಲ್ಲ,
ಕನ್ನಡಕವನ್ನು ನಿಗದಿತ ಸ್ಥಳದಲ್ಲಿಯೇ ಇಡಲಾಗಿರುತ್ತದೆ,
ಕಾಲುಚೀಲದ ವಿಚಾರ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ.
ಹಾಜರಿದ್ದೀರಾ? (ಉತ್ತರಕ್ಕೆ ಅವಕಾಶವಿಲ್ಲ.)

ಈ ಪಾಠವನ್ನು ಜನವರಿ ಮೊದಲ ವಾರದಲ್ಲಿ ತೆರಿಗೆ ವಿಭಾಗದ ಗಂಡಸರ ಮೇಲೆ ಪ್ರಾಯೋಗಿಕವಾಗಿ ಹಾಡಿ ನೋಡಲಾಯಿತು. ಯಾರೂ ನಗಲಿಲ್ಲ. ಒಬ್ಬರಿಗೆ ನಿದ್ದೆ ಬಂತು. ಇನ್ನೊಬ್ಬರು ತಮ್ಮ ತಂದೆಯನ್ನು ನೆನೆದು ಮುಖ ಒರೆಸಿಕೊಂಡರು. ಪ್ರಯೋಗ ಯಶಸ್ವಿಯಾಗಿದೆ.

೯. ಗುನುಗುವಿಕೆಯ ಬಗ್ಗೆ: ಬೆಳಗಿನ ರೇಡಿಯೋ ವ್ಯಾಯಾಮದಲ್ಲಿ ಮೊಣಕಾಲು ಬಗ್ಗಿಸುವ ಹಂತ ಬಂದಾಗ ಹಿಂದಿನ ಸಾಲಿನಿಂದ ‘ಲಟಕ್’ ಎಂಬ ಶಬ್ದ ಬರುತ್ತಿದೆ. ಇದು ಮೊಣಕಾಲಿನದೋ ಬಾಯಿಯದೋ ಎಂಬುದನ್ನು ಪತ್ತೆಹಚ್ಚಲು ವ್ಯಾಯಾಮದ ವೇಳೆ ಎಲ್ಲರೂ ಬಾಯಲ್ಲಿ ಪೆನ್ಸಿಲ್ ಕಚ್ಚಿಕೊಂಡಿರತಕ್ಕದ್ದು. ದಿನವೂ ಸಂಜೆ ಐದಕ್ಕೆ ಹೊತ್ತು ತಿಳಿಸಲು ಊರಿನ ಧ್ವನಿವರ್ಧಕ ಕಂಬಗಳಿಂದ ಬರುವ ರಾಗಕ್ಕೆ ಸದರಿ ಹಾಡು ಚೆನ್ನಾಗಿ ಹೊಂದುತ್ತದೆಂದು ಯಾರೋ ಕಂಡುಹಿಡಿದಿದ್ದು, ಬಂದರಿನ ಮೀನುಗಾರರೂ ಅದನ್ನೇ ಹಾಡುತ್ತಾ ಬಲೆ ಮಡಚುತ್ತಿದ್ದಾರೆ. ಮೀನುಗಾರರು ಈ ಶಾಖೆಯ ಅಧೀನದಲ್ಲಿ ಇಲ್ಲದಿರುವುದಕ್ಕೆ ಶಾಖೆ ವಿಷಾದಿಸುತ್ತದೆ. ಸಾರ್ವಜನಿಕ ಸ್ನಾನದ ಮನೆಯಲ್ಲಿ ಕತ್ತಿನವರೆಗೆ ನೀರಿನಲ್ಲಿರುವಾಗ ಗುನುಗುವುದಕ್ಕೆ ವಿನಾಯಿತಿ ಇದೆ; ಹೊಟ್ಟೆ ನೀರಿನಿಂದ ಮೇಲೆ ಬಂದಲ್ಲಿ ವಿನಾಯಿತಿ ರದ್ದಾಗುತ್ತದೆ.

೧೦. ಕಿಟಕಿ ಪಕ್ಕದ ಮೇಜಿನ ಮುಂದೆ ಹಾದುಹೋಗುವ ಸಿಬ್ಬಂದಿ, ಹಾದುಹೋಗಬೇಕಾದ ಕೆಲಸವಿಲ್ಲದಿದ್ದರೂ ಹಾದುಹೋಗಿ, ‘ಇದ್ದೀಯೇನಯ್ಯಾ?’ ಎಂದು ಕೇಳಿ, ‘ಇದ್ದೀನ್ರಪ್ಪಾ’ ಎಂಬ ಉತ್ತರ ಪಡೆದು ಹೋಗುತ್ತಿರುವುದು ಕಂಡುಬಂದಿದೆ. ಹುಟ್ಟಿದ ಮೊಮ್ಮಗುವಿನ ನೋಂದಣಿಗೆ ಬಂದ ಅಜ್ಜಿಯೊಬ್ಬರು ಇದನ್ನೇ ಕಚೇರಿಯ ವಿಧಾನವೆಂದು ನಂಬಿ, ತಾವೂ ಸಾಲಿನಲ್ಲಿ ನಿಂತು ಕೇಳಿ ಹೋಗಿದ್ದಾರೆ. ಆದ್ದರಿಂದ ಆ ಮೇಜಿನ ಮುಂದೆ ಹಾದುಹೋಗುವವರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡು ಹೋಗತಕ್ಕದ್ದು. ಗೋಡೆಗೆ ತಾಗಿ ಆಗುವ ಗಾಯಗಳಿಗೆ ಚಿಕಿತ್ಸಾ ವೆಚ್ಚ ದೊರೆಯುವುದಿಲ್ಲ.

ಇದಲ್ಲದೆ, ಸದರಿ ಮೇಜಿನ ಹೂಕುಂಡವು ದಾಸ್ತಾನಿನಲ್ಲಿ ‘ಗಿಡ ಇಲ್ಲ’ ಎಂದೇ ನಮೂದಾಗಿದ್ದು, ಈಗ ಅದರಲ್ಲಿ ಯಾರೋ ಈರುಳ್ಳಿ ನೆಟ್ಟಿದ್ದಾರೆ. ಅದು ಚಿಗುರಿದೆ. ಚಿಗುರಿದ್ದಕ್ಕೆ ವಿವರಣೆ ಕೇಳಲಾಗಿದೆ.

೧೧. ಶ್ರೀಮತಿ ಹನ್ಯು ಅವರ ಬಗ್ಗೆ: ಈ ನಿಯಮಗಳು ಗಂಡಸರಿಗೆ ಸಂಬಂಧಿಸಿದ್ದರೂ ಸದರಿಯವರು ಶಾಖೆಗೆ ತಾವಾಗಿಯೇ ಬಂದು ಈ ಕೆಳಗಿನಂತೆ ಹೇಳಿದ್ದಾರೆ: ‘ಈ ಊರಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ ಬರ್ಕೊಳ್ಳೋದೇ ನನ್ನ ಕೆಲಸ ಅಲ್ವೇ ಶಿಬುತಾನಿ-ಸಾನ್? ಸತ್ತೋರನ್ನ ಇದ್ದಾರೆ ಅಂತ ಬರೆದ್ರೆ ನನ್ನ ಕೆಲಸ ಹೋಗುತ್ತೆ. ಇರೋರನ್ನ ಇಲ್ಲ ಅಂತ ಬರೆದ್ರೆ ನಿಮಗೆ ಬಡ್ತಿ ಸಿಗುತ್ತಾ?’ ಇದು ಪ್ರಶ್ನೆಯ ರೂಪದಲ್ಲಿರುವುದರಿಂದ ನಿಗದಿತ ನಮೂನೆಯಲ್ಲಿ ಸಲ್ಲಿಸುವಂತೆ ಅವರಿಗೆ ಸೂಚಿಸಲಾಗಿದೆ. ‘ನಮೂನೆ ಕೊಡಿ, ಇಲ್ಲೇ ತುಂಬ್ತೀನಿ’ ಎಂದು ಅವರು ಕುರ್ಚಿ ಎಳೆದು ಕೂತಿದ್ದರಿಂದ, ಅಂಥ ನಮೂನೆ ಇನ್ನೂ ಮುದ್ರಣವಾಗಿಲ್ಲವೆಂದು ತಿಳಿಸಿ ಕಳುಹಿಸಲಾಗಿದೆ.

೧೨. ಚಪ್ಪಾಳೆ ಮತ್ತು ತಟ್ಟುವಿಕೆಯ ಬಗ್ಗೆ: ಹಾಡು ನಡೆಯುತ್ತಿರುವಾಗ ಮುಖ್ಯಸ್ಥರು ಹೊಡೆಯುವ ಯಾವುದೇ ಚಪ್ಪಾಳೆಯನ್ನು, ಅದು ತಾಳಕ್ಕೆ ಎಷ್ಟೇ ಸೊಗಸಾಗಿ ಬಿದ್ದರೂ, ತಾಳವೆಂದು ಪರಿಗಣಿಸತಕ್ಕದ್ದಲ್ಲ. ಡಿಸೆಂಬರ್ ಕೂಟಕ್ಕೆ ಸರಿಯಾದ ಮುಕ್ತಾಯದ ಚಪ್ಪಾಳೆ ಕೊನೆಗೂ ಆಗಲಿಲ್ಲವಾದ್ದರಿಂದ, ಸಿಬ್ಬಂದಿಯೆಲ್ಲ ಅಂಗಡಿಯ ಮಾಲೀಕರು ದೀಪ ಆರಿಸಿದ ಮೇಲೆ ಕತ್ತಲಲ್ಲಿ ಚಪ್ಪಲಿ ಹುಡುಕಿಕೊಂಡು ಹೋಗಿರುತ್ತಾರೆ. ಇದರ ಲಾಭ ಪಡೆದು, ‘ಕೂಟ ಇನ್ನೂ ಮುಗಿದಿಲ್ಲ, ಮುಗಿಯೋವರೆಗೂ ಹಾಡ್ಬಹುದು’ ಎಂದು ಶ್ರೀ ಇಸೊಗಾಯ್ ಅವರು ಕಸದ ಲಾರಿಯ ಚಾಲಕರಿಗೆಲ್ಲ ಹೇಳಿಕೊಟ್ಟಿದ್ದಾರೆ. ಸದರಿ ಕೂಟವನ್ನು ಅದು ಪ್ರಾರಂಭವಾಗುವ ಮೊದಲೇ ಮುಗಿದಿತ್ತೆಂದು ಈ ಮೂಲಕ ಘೋಷಿಸಲಾಗಿದೆ. ಉಂಡ ಹಾವುಮೀನಿನ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು.

ಸಹೋದ್ಯೋಗಿಗಳ ಭುಜ ತಟ್ಟುವ ಅಧಿಕಾರ ಶಾಖಾ ಮುಖ್ಯಸ್ಥರಿಗೆ ಮಾತ್ರ ಇರುತ್ತದೆ. ತಟ್ಟಿಸಿಕೊಂಡವರು ಜಾಗ ತೋರಿಸತಕ್ಕದ್ದಲ್ಲ.

೧೩. ಕೊನೆಯದಾಗಿ, ಮೂಲ ವಿಷಯದ ಬಗ್ಗೆ: ಶ್ರೀ ಕುಬೊಜುಕಾ ಅವರು ಔತಣಕೂಟದಲ್ಲಿ ಹೇಳಿದ ‘ಇದ್ದೀನಿ’ ಎಂಬುದು ಹಾಡಿನ ಸಾಲೇ ಹೊರತು ಸಿಬ್ಬಂದಿಯ ಹೇಳಿಕೆಯಲ್ಲವೆಂದು ಶಾಖೆ ತೀರ್ಮಾನಿಸಿದೆ. ಹಾಡಿನಲ್ಲಿ ಹೇಳಿದ್ದೆಲ್ಲ ನಿಜವೆಂದು ಒಪ್ಪಿದರೆ ಅವರಿಗೆ ಹೊಟ್ಟೆ ಇದೆ ಎಂದೂ ಒಪ್ಪಬೇಕಾಗುತ್ತದೆ. ಆದ್ದರಿಂದ ಅವರ ಮೌನ ಮುರಿದೇ ಇಲ್ಲ. ಆದರೂ ಪಟ್ಟಣಾಧ್ಯಕ್ಷರು ‘ಏನಪ್ಪಾ, ನಮ್ಮ ಕಿವೀಗೂ ಅರ್ಜಿ ಹಾಕ್ಬೇಕೇನು?’ ಎಂದು ಕೇಳಿರುವ ಹಿನ್ನೆಲೆಯಲ್ಲಿ, ಶ್ರೀ ಕುಬೊಜುಕಾ ಅವರಿಗೆ ಕೊನೆಯದಾಗಿ ಒಂದು ಅವಕಾಶ ನೀಡಲಾಗಿದೆ. ಬರುವ ಶುಕ್ರವಾರ ಸಂಜೆ ಐದರ ರಾಗ ಮುಗಿಯುವುದರೊಳಗೆ ಅವರು ಈ ಸುತ್ತೋಲೆಯ ಮೇಲೆಯೇ ತಮ್ಮ ಉತ್ತರವನ್ನು ಬರೆಯತಕ್ಕದ್ದು. ಉತ್ತರವು ರಾಗವಿಲ್ಲದೆ, ತಾಳವಿಲ್ಲದೆ, ಬಾಟಲಿಯಿಲ್ಲದೆ, ಬೇರೆಯವರ ಪ್ರಚೋದನೆಯಿಲ್ಲದೆ ಇರತಕ್ಕದ್ದು. ಉತ್ತರ ಬಾರದಿದ್ದಲ್ಲಿ ಅದನ್ನು ಒಪ್ಪಿಗೆಯೆಂದು ಪರಿಗಣಿಸಿ ಮಾರ್ಚ್ ಕೊನೆಗೆ ಹೂಗುಚ್ಛ ನೀಡಲಾಗುವುದು. ಅವರು ಏನಾದರೂ ಬರೆದದ್ದೇ ಆದಲ್ಲಿ ಈ ವಿಷಯವನ್ನು ಮತ್ತೆ ಎತ್ತುವಂತಿಲ್ಲವೆಂದು ಪಟ್ಟಣಾಧ್ಯಕ್ಷರು ಶಾಖೆಗೆ ಮೌಖಿಕವಾಗಿ, ಸ್ವಲ್ಪ ಏರಿದ ದನಿಯಲ್ಲಿ ತಿಳಿಸಿರುತ್ತಾರೆ.

ಈ ಸುತ್ತೋಲೆಯು ಮೇಜಿನಿಂದ ಮೇಜಿಗೆ ಹೋಗಲಿದ್ದು, ಓದಿದ ಪ್ರತಿಯೊಬ್ಬರೂ ಮುಖವನ್ನು ಗಂಭೀರವಾಗಿ ಇಟ್ಟುಕೊಂಡು, ಮುಖ್ಯಸ್ಥರ ಮುದ್ರೆಯ ಕಡೆಗೆ ತಕ್ಕಷ್ಟು ವಾಲಿಸಿ ತಮ್ಮ ಮುದ್ರೆ ಒತ್ತತಕ್ಕದ್ದು. ಓದುವಾಗ ನಗು ಬಂದವರು ಕಲಂ ೬ರ ಪ್ರಕಾರ ಮೊದಲು ಅರ್ಜಿ ಕೊಟ್ಟು ಅನಂತರ ನಗುವುದು.

ಮುದ್ರೆ/-
ಶಿಬುತಾನಿ
ಮುಖ್ಯಸ್ಥರು, ಸಿಬ್ಬಂದಿ ಶಾಖೆ
(ಚಪ್ಪಾಳೆಯಿಂದ ಆದ ಅಂಗೈ ಊತ ಇನ್ನೂ ಇಳಿಯದ ಕಾರಣ ಮುದ್ರೆಯನ್ನು ಬೇರೆಯವರಿಂದ ಒತ್ತಿಸಲಾಗಿದೆ.)

ಪ್ರತಿಗಳು:

೧. ಮಾನ್ಯ ಪಟ್ಟಣಾಧ್ಯಕ್ಷರ ಅವಗಾಹನೆಗೆ. ತಾವೂ ಮೂರನೇ ಸುತ್ತಿನಲ್ಲಿ ‘ಇದ್ದೀನ್ರಪ್ಪಾ’ ಎಂದಿರುವುದನ್ನು ನೆನಪಿಸುವ ಉದ್ದೇಶ ಶಾಖೆಗಿಲ್ಲ.

೨. ಶ್ರೀ ಇಸೊಗಾಯ್, ಕಸ ವಿಲೇವಾರಿ ವಿಭಾಗ. ಹಣೆಯ ಟೈ ಬಿಚ್ಚಿ ಓದಿಕೊಳ್ಳುವುದು.

೩. ಶ್ರೀಮತಿ ಹನ್ಯು, ನಿವಾಸಿಗಳ ನೋಂದಣಿ ಕಿಟಕಿ. ಓದಿ ಮುಂದಿನ ಮೇಜಿಗೆ ಕಳುಹಿಸುವುದು. ಅಭಿಪ್ರಾಯ ಕೇಳಿಲ್ಲ.

೪. ಹಾವುಮೀನು ಅಂಗಡಿಯ ಮಾಲೀಕರು. ಹರಿದ ಕಾಗದದ ಬಾಗಿಲಿಗೆ ನಗು ಕಾರಣವೇ ಹೊರತು ಕಚೇರಿ ಕಾರಣವಲ್ಲ.

೫. ಪಕ್ಕದ ಪಟ್ಟಣದ ಕಚೇರಿ. ಹಾಡು ಅಲ್ಲಿಗೂ ಹರಡಿದ್ದಲ್ಲಿ ಅದನ್ನೂ ವಿಲೀನದ ಭಾಗವೆಂದು ಭಾವಿಸುವುದು.

೬. ಶ್ರೀ ಕುಬೊಜುಕಾ, ಕಿಟಕಿ ಪಕ್ಕದ ಮೇಜು (ಇನ್ನೂ ಇದ್ದಲ್ಲಿ).

೭. ಕಚೇರಿ ಕಡತಕ್ಕೆ. ಷರಾ: ಮೂಲ ಪ್ರತಿಯು ಶುಕ್ರವಾರ ಮಧ್ಯಾಹ್ನವೇ ಎಲ್ಲ ಮುದ್ರೆಗಳೊಂದಿಗೆ ವಾಪಸು ಬಂದಿದೆ. ಶ್ರೀಮತಿ ಹನ್ಯು ಅವರ ಕಣ್ತಪ್ಪಿನಿಂದ ಅದು ಎಲ್ಲರಿಗಿಂತ ಮೊದಲು ಕಿಟಕಿ ಪಕ್ಕದ ಮೇಜಿಗೆ ಹೋಗಿದ್ದು ತಿಳಿದುಬಂದಿದೆ. ಅಲ್ಲಿ ಒತ್ತಿದ ಮುದ್ರೆ ಯಾರ ಕಡೆಗೂ ವಾಲದೆ ನೆಟ್ಟಗಿದೆ. ಉಳಿದವರೆಲ್ಲರ ಮುದ್ರೆಗಳೂ, ಪಟ್ಟಣಾಧ್ಯಕ್ಷರದೂ ಸೇರಿದಂತೆ, ಮುಖ್ಯಸ್ಥರ ಮುದ್ರೆಯನ್ನು ಬಿಟ್ಟು ಆ ನೆಟ್ಟಗಿನ ಮುದ್ರೆಯ ಕಡೆಗೆ ವಾಲಿವೆ. ಅದರ ಪಕ್ಕದಲ್ಲಿ, ಕಲಂ ೧೩ರಲ್ಲಿ ಸೂಚಿಸಿದಂತೆ ರಾಗ, ತಾಳ, ಬಾಟಲಿ ಯಾವುದೂ ಇಲ್ಲದೆ, ಶಾಯಿಯಲ್ಲಿ ಒಂದು ಮಾತು ಬರೆದಿದೆ:

ಇದ್ದೀನಿ.